ನೀಲಿ ಪೀಸು ಹಡಗು ಹತ್ತಿದ್ದು

ಇಂಡಿ ಊರಿನ ಬಸ್ ಸ್ಟ್ಯಾಂಡಿನ ಹಿಂದೆ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ಮಾಳಿಂಗಪ್ಪನಿಗೆ ಸುಳ್ಳು ಹೇಳುವ ಚಟವಿಲ್ಲ. ಆದರೆ ಮುದ್ದೇಬಿಹಾಳದ ಬೀಗರ ಹೆಸರು ಕಿವಿಗೆ ಬಿತ್ತೋ, ಅವನ ಮಾತು ಅವನನ್ನು ಕೇಳದೆ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತದೆ. ಮಗಳನ್ನು ಕೊಟ್ಟ ತಂದೆಗೆ ಇದು ಒಳ್ಳೆಯ ಗುಣವಲ್ಲ ಎಂದು ಹೆಂಡತಿ ಲಕ್ಕವ್ವ ಹೇಳುತ್ತಲೇ ಬಂದಿದ್ದಾಳೆ. ಅವನು ಕೇಳುತ್ತಲೇ ಬಂದಿದ್ದಾನೆ. ಗುಣ ಮಾತ್ರ ಇದ್ದಲ್ಲೇ ಇದೆ.

ಆ ವರ್ಷ ತೊಗರಿ ಬೀಜ ಚೆನ್ನಾಗಿ ಮಾರಿದ ಅಂಗಡಿಕಾರರನ್ನು ಬೀಜದ ಕಂಪನಿಯವರು ಹೆಂಡತಿ ಸಮೇತ ಹಡಗಿನಲ್ಲಿ ತಿರುಗಾಡಿಸುವುದು ಎಂದಾಯಿತು. ಮುಂಬಯಿಯಲ್ಲಿ ಹತ್ತಬೇಕು, ಸಮುದ್ರದ ಮೇಲೆ ಉಂಡು ಮಲಗಬೇಕು, ಮತ್ತೆ ಮುಂಬಯಿಯಲ್ಲೇ ಇಳಿಯಬೇಕು. ಹತ್ತಿದಲ್ಲೇ ಇಳಿಯುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಎಂದು ಲಕ್ಕವ್ವ ಕೇಳಿದಳು. ಕೇಳಿದವಳು ಅಂದೇ ತನ್ನ ಇಲಕಲ್ ಸೀರೆಯನ್ನು ಗಾಳಿಗೆ ಹಾಕಿದಳು.

ಹೊರಡುವುದಕ್ಕೆ ಇನ್ನೂ ಸಾಕಷ್ಟು ದಿನವಿರುವಾಗ ಕಂಪನಿಯ ಹುಡುಗ ಆಫೀಸರ್ ಶ್ರೀಶೈಲ ಫೋನು ಮಾಡಿದ.

“ಕಾಕಾರ, ಒಂದ ಮಾತ್ರಿ. ಹಡಗಿನ್ಯಾಗ ಮೊದಲನೇ ಸಂಜಿ ಊಟಕ್ಕ ಹ್ಯಾಂಗರ ಬರ್ರಿ, ಯಾರೂ ಕೇಳೂದಿಲ್ಲ. ಎರಡನೇ ಸಂಜಿ ಮಾತ್ರ ದೊಡ್ಡ ಊಟ. ಅವತ್ತ ಧೋತರ ನಡೆಯಂಗಿಲ್ಲ. ಸೂಟು ಬೇಕು. ಇಲ್ಲಂದ್ರ ಜುಬ್ಬಾ-ಪೈಜಾಮಾ ಮ್ಯಾಲ ಒಂದ ಜಾಕೀಟು ಹಾಕ್ಕೋರಿ, ಸಾಕು.”

ಮಾಳಿಂಗಪ್ಪ ಹುಟ್ಟಾ ಧೋತರದವನು. ಧೋತರ, ನೆಹರೂ ಅಂಗಿ, ಬಿಳಿ ಟೊಪ್ಪಿಗೆ, ಇಷ್ಟರಲ್ಲೇ ಮದುವೆಯಾಗಿ, ಮಗಳ ಮದುವೆ ಮಾಡಿ, ಅಜ್ಜನೂ ಆಗಿದ್ದ. ಒಂದು ಜಾಕೀಟು ಹೊಲಿಸಿದರೆ ಮುಗಿಯುತ್ತಿತ್ತು. ಆದರೆ ಶ್ರೀಶೈಲ ಸುಮ್ಮನಿರಲಿಲ್ಲ.

“ಮುದ್ದೇಬಿಹಾಳದ ರಾಚಪ್ಪಾರೂ ಬರಾಕತ್ತಾರ್ರಿ, ನಿಮ್ಮ ಬೀಗರು. ಅವರು ಜಾಕೀಟು ಹಾಕ್ಕೋತೇನಿ ಅಂದಾರ.”

“ಹಾಕ್ಕೋಳವಲ್ರ್ಯಾಕ,” ಎಂದ ಮಾಳಿಂಗಪ್ಪ. “ಜಾಕೀಟು ಹಾಕ್ಕೊಳ್ಳಾಕ ನಾ ಏನ ಸೊಸಾಯಿಟಿ ಚೇರಮನ್ನೇನು? ನಮ್ಮದು ಸೂಟು ಅಂತ ಬರಕೋ. ನಮ್ಮ ಮನ್ಯಾಗ ಒಂದ ಟ್ರಂಕ ತುಂಬ ಅದಾವು.”

ಟ್ರಂಕು ಇದ್ದದ್ದು ನಿಜ. ತುಂಬಿದ್ದದ್ದೂ ನಿಜ. ಅದರಲ್ಲಿದ್ದದ್ದು ಮಾತ್ರ ಆಹೇರದ ಬಟ್ಟೆ.

ಈ ಕಡೆ ಮದುವೆಯಿರಲಿ, ಬಸುರಿಯ ಕುಬಸವಿರಲಿ, ಹೊಸ ಮನೆಯ ವಾಸ್ತುವಿರಲಿ, ನೆಂಟರು ನೆಂಟರಿಗೆ ಬಟ್ಟೆಯ ಆಹೇರ ಮಾಡದಿದ್ದರೆ ಮನೆತನದ ಮೂಗು ಹೋಗುತ್ತದೆ. ಶರ್ಟಿನ ಪೀಸೋ ಪ್ಯಾಂಟಿನ ಪೀಸೋ, ಮೂಲೆಗೆ ಕುಂಕುಮ ಹಚ್ಚಿ, ಮೇಲೊಂದು ಟೊಪ್ಪಿಗೆ ಇಟ್ಟು, ಕೈಗೆ ಕೊಡುವಾಗ ‘ಹೊಲಿಸಿ ಹಾಕ್ಕೋರಿ ಮತ್ತ’ ಎನ್ನಬೇಕು. ತೆಗೆದುಕೊಂಡವರು ‘ಇದೆಲ್ಲಾ ಯಾಕ ಬೇಕಿತ್ರಿ’ ಎನ್ನಬೇಕು. ಆಮೇಲೆ ಆ ಪೀಸು ಟ್ರಂಕಿಗೆ ಹೋಗಬೇಕು, ಮುಂದಿನ ಕಾರ್ಯಕ್ಕೆ ಹೊರಬಿದ್ದು ಇನ್ನೊಬ್ಬರ ಟ್ರಂಕು ಸೇರಬೇಕು. ಹೊಲಿಸುವುದು ಈ ವ್ಯವಸ್ಥೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಹೆಂಗಸರಿಗೆ ಇದು ಗೊತ್ತು. ಗಂಡಸರಿಗೆ ಗೊತ್ತಿರುವುದು ಬಾಯಿಮಾತಿನಷ್ಟು ಮಾತ್ರ.

ಆ ಟ್ರಂಕಿನ ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ನೀಲಿ ಸೂಟಿನ ಪೀಸು ಇತ್ತು. ಕಡುನೀಲಿ ಬಣ್ಣ, ಮೇಲೆ ಉದ್ದಕ್ಕೆ ಸಣ್ಣ ಗೆರೆ, ಅಂಚಿನಲ್ಲಿ ಬಂಗಾರದ ಅಕ್ಷರ. ಅದು ಪೀಸುಗಳ ಗೌಡ. ಸಿಂದಗಿಯಿಂದ ಬಾಗೇವಾಡಿಗೆ, ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ, ಮುದ್ದೇಬಿಹಾಳದಿಂದ ಇಂಡಿಗೆ ಅದು ತಿರುಗಿದಷ್ಟು ಊರು ಮಾಳಿಂಗಪ್ಪನೂ ತಿರುಗಿರಲಿಲ್ಲ. ಮಗಳು ದಾನೇಶ್ವರಿಯ ಕುಬಸಕ್ಕೆ ಬಂದಾಗ ಬೀಗ ರಾಚಪ್ಪನೇ ಅದನ್ನು ಅವನ ಕೈಗಿಟ್ಟು, ಸಾಕಷ್ಟು ಗಟ್ಟಿಯಾಗಿಯೇ ‘ಹೊಲಿಸಿ ಹಾಕ್ಕೋರಿ ಮತ್ತ’ ಎಂದಿದ್ದ.

ಲಕ್ಕವ್ವ ನೆರೆಯವರ ಜೊತೆ ಲಚ್ಯಾಣದ ಮಠಕ್ಕೆ ಹೋದ ದಿನ ಮಾಳಿಂಗಪ್ಪ ಟ್ರಂಕು ತೆರೆದು, ನೀಲಿ ಪೀಸನ್ನು ಕಂಕುಳಲ್ಲಿಟ್ಟುಕೊಂಡು, ಟೇಲರ್ ಯುನೂಸನ ಅಂಗಡಿಗೆ ನಡೆದ.

ಯುನೂಸ ಬಟ್ಟೆಯನ್ನು ಮೇಜಿನ ಮೇಲೆ ಬಿಚ್ಚಿದ. ಅಂಗೈಯಿಂದ ಸವರಿದ. ಮತ್ತೆ ಸವರಿದ.

“ಸಾವಕಾರ್ರ, ಇದು ಯಾವ ಕಾಲದ್ದು?”

“ಹೊಸಾದು. ಕವರ ಸೈತ ಬಿಚ್ಚಿಲ್ಲ.”

“ಕವರ ಬಿಚ್ಚಿಲ್ಲ ಖರೆ. ಆದ್ರ ಬಟ್ಟಿ ಒಳಗ ಕುಂತು ಕುಂತು ಮುದುಕಾಗೈತ್ರಿ.”

ಯುನೂಸ ತೋರಿಸಿದ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ಬಟ್ಟೆ ಮಡಿಕೆಯ ಮೇಲೆಲ್ಲ ಬೆಳ್ಳಗಾಗಿತ್ತು. ಇಸ್ತ್ರಿ ಎಷ್ಟು ಒತ್ತಿದರೂ ಆ ಗೆರೆ ಹೋಗಲೊಲ್ಲದು. ಮೂಲೆಯಲ್ಲಿ ಒಬ್ಬರ ಕುಂಕುಮದ ಮೇಲೆ ಇನ್ನೊಬ್ಬರ ಕುಂಕುಮ ಬಿದ್ದು ಒಂದು ಸಣ್ಣ ದೇವಸ್ಥಾನದ ಹೊಸ್ತಿಲಿನಷ್ಟು ದಪ್ಪಗಾಗಿತ್ತು.

“ಉದ್ದನ ಪಟ್ಟಿ ಮಿಲ್ಲಿನಾವರು ಹಾಕಿದ್ದು, ಅಡ್ಡ ಪಟ್ಟಿ ನಿಮ್ಮ ಬೀಗರು ಹಾಕಿದ್ದು,” ಎಂದ ಯುನೂಸ. “ಈಗಿದು ಚೌಕಳಿ ಆಗೈತ್ರಿ.”

“ಚೌಕಳಿ ಫ್ಯಾಶನ್ ಐತಿ. ಹೊಲಿ.”

ಯುನೂಸ ಟೇಪು ಹಿಡಿದ. ಹುಬ್ಬು ಗಂಟಿಕ್ಕಿದ. ಒಳಗಿನ ತುದಿಗೆ ಯಾರೋ ಕತ್ತರಿ ಆಡಿಸಿದ್ದಾರೆ, ಬಟ್ಟೆ ಕಡಿಮೆ ಬೀಳುತ್ತದೆ ಎಂದ. ಮಿಲ್ಲಿನವರ ಅಳತೆಯೇ ಹಾಗಿರುತ್ತದೆ ಎಂದು ಮಾಳಿಂಗಪ್ಪ ಸಮಾಧಾನ ಹೇಳಿದ.

“ನೀವು ಗಿಡ್ಡ ಅದೀರಿ, ಹ್ಯಾಂಗರ ಹೊಂದಸ್ತೇನಿ. ಆದ್ರ ತೋಳು ತುಸು ಮ್ಯಾಲ ನಿಲ್ತಾವ್ರಿ.”

“ಎಷ್ಟ ಮ್ಯಾಲ?”

ಯುನೂಸ ಯೋಚಿಸಿ, ಗಿರಾಕಿಯ ಮನಸ್ಸು ನೋಯದಂತೆ ಹೇಳಿದ: “ಕೈಗಡಿಯಾರ ಛಲೋತ್ನಂಗ ಕಾಣಸ್ತೈತ್ರಿ.”

ಸೂಟು ಮನೆಗೆ ಬಂದ ಸಂಜೆ ಮಾಳಿಂಗಪ್ಪ ಅದನ್ನು ಹಾಕಿಕೊಂಡು ಕಪಾಟಿನ ಕನ್ನಡಿಯ ಮುಂದೆ ನಿಂತು, ತಲೆಯ ಮೇಲೆ ಟೊಪ್ಪಿಗೆ ಇದ್ದರೆ ಚೆಂದವೋ ತೆಗೆದರೆ ಚೆಂದವೋ ಎಂದು ನೋಡುತ್ತಿದ್ದ. ಅಡುಗೆ ಮನೆಯಿಂದ ಬಂದ ಲಕ್ಕವ್ವ ಮೊದಲು ಯಾರೋ ಎಲ್.ಐ.ಸಿ. ಸಾಹೇಬರು ಬಂದಿದ್ದಾರೆಂದು ಸೆರಗು ಹೊದ್ದಳು. ಆಮೇಲೆ ಬಟ್ಟೆಯನ್ನು ನೋಡಿದಳು. ನೋಡಿದವಳು ನಿಂತಲ್ಲೇ ಕೂತಳು.

“ನೀಲೀದು?”

“ನೀಲೀದು.”

“ಅದು ಮುಂದಿನ ವಾರ ಬಾಗೇವಾಡಿಗೆ ಹೋಗೂದಿತ್ತಲ್ರೀ! ನಮ್ಮ ಅನೀಲನ ಮನಿ ವಾಸ್ತುಕ್ಕ! ಈ ಸಲ ಅವರ ಪಾಳೆ ಐತಿ!”

“ಬೀಗರು ಹೊಲಿಸಿ ಹಾಕ್ಕೋರಿ ಅಂದಿದ್ರು.”

“ಊಟಾ ಮಾಡಿ ಹೋಗ್ರಿ ಅಂತ ದಾರ್ಯಾಗ ಹೋಗಾವ್ರಿಗೂ ಅಂತೀವಿ,” ಎಂದಳು ಲಕ್ಕವ್ವ. “ಎಲ್ಲಾರೂ ಬಂದು ಕುಂಡ್ರತಾರೇನು?”

ಮಾಳಿಂಗಪ್ಪನಿಗೆ ಇದರ ಆಳ ತಿಳಿದದ್ದು ಬಸವನ ಬಾಗೇವಾಡಿಯಲ್ಲಿ. ಲಕ್ಕವ್ವನ ತಮ್ಮ ಅನೀಲಕುಮಾರ ಹೈಸ್ಕೂಲ್ ಮಾಸ್ತರ. ಹೊಸ ಮನೆಯ ಪಡಸಾಲೆಯಲ್ಲಿ ನಾಲ್ಕೂ ತಾಲೂಕಿನ ನೆಂಟರು ಹುಗ್ಗಿ ಉಂಡು ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಆಹೇರ ಶುರುವಾಯಿತು. ಲಕ್ಕವ್ವ ತಮ್ಮನಿಗೆ ಒಂದು ಬೂದಿ ಬಣ್ಣದ ಶರ್ಟಿನ ಪೀಸು ಕೊಟ್ಟು, ಬೇಗ ಬೇಗ ಹಿಂದೆ ಸರಿದಳು.

ಸರಿಯಲು ಬಿಡುವವರಾರು? ಗೋಡೆಗೊರಗಿ ಮಾಳಿಂಗಪ್ಪನ ಸೋದರತ್ತೆ ಬಾಳಮ್ಮ ಕೂತಿದ್ದಳು. ಹುಟ್ಟಿದ್ದು ಇಂಡಿ, ಕೊಟ್ಟದ್ದು ಸಿಂದಗಿ. ಮೊಮ್ಮಕ್ಕಳ ಹೆಸರು ಮರೆಯುತ್ತಾಳೆ, ಪೀಸುಗಳನ್ನು ಮರೆಯುವುದಿಲ್ಲ.

“ನೀಲೀದು ಎಲ್ಲಿ?” ಎಂದಳು.

ಇಂಥ ಹೊತ್ತಿನಲ್ಲಿ ಜಾಣರು ಕೆಮ್ಮುತ್ತಾರೆ. ಮಾಳಿಂಗಪ್ಪ ಎದ್ದು ನಿಂತ.

“ಹೊಲಿಸೀನಿ ಅತ್ತಿ.”

“ಏನ ಮಾಡೀದಿ?”

“ಹೊಲಿಸೀನಿ. ಸೂಟು. ಹಡಗಿನ ಮ್ಯಾಲ ಸಂಜಿ ಊಟಕ್ಕ ಹಾಕ್ಕೊಳ್ಳಾಕ.”

“ನಮ್ಮಪ್ಪಾ!” ಎಂದು ಬಾಳಮ್ಮ ಎದೆ ಮುಟ್ಟಿಕೊಂಡಳು. “ಅದಕ್ಕ ಕತ್ತರಿ ಹಚ್ಚಿದೇನೋ ಮಾಳಿಂಗ್ಯಾ? ನನ್ನ ಮೈದುನನ ಮದುವ್ಯಾಗ ಬಂದಿತ್ತೋ ಅದು!” ಒಬ್ಬ ಹೆಂಗಸು ಲಕ್ಕವ್ವನ ಹತ್ತಿರ ಹೋಗಿ ಬೆನ್ನು ಸವರಿದಳು, ಅವಳ ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ ಎಂಬಂತೆ. ಅನೀಲಕುಮಾರ ಬೂದಿ ಪೀಸನ್ನು ಕೈಯಲ್ಲಿ ಹಿಡಿದುಕೊಂಡು, “ಇರಲಿ ಬಿಡ್ರಿ ಮಾಮಾ, ಇದೂ ಛಲೋ ಐತಿ,” ಎಂದ. ಆ ದನಿಯಲ್ಲಿ ಏನೂ ಛಲೋ ಇರಲಿಲ್ಲ.

ಆದರೆ ಎಲ್ಲರಿಗಿಂತ ವಿಚಿತ್ರವಾಗಿ ನಡೆದುಕೊಂಡವನು ಬೀಗ ರಾಚಪ್ಪ. ಹಡಗು ಎಂದೊಡನೆ ಅವನ ಮುಖ ಬಿಳಿಚಿತು. ಮರುಗಳಿಗೆ ಕೆಂಪಾಯಿತು.

“ನಾವು ಕೊಟ್ಟದ್ದು ಹೊಲಿಸಾಕ ಏನ್ರಿ ಬೀಗ್ರ?”

“ನೀವ ಅಂದಿದ್ರಿ, ಹೊಲಿಸಿ ಹಾಕ್ಕೋರಿ ಅಂತ!”

“ಅಂತಾರ್ರೀ! ಎಲ್ಲಾರೂ ಅಂತಾರ! ಅಂದದ್ದೆಲ್ಲಾ ಮಾಡ್ಕೋತ ಹೋದ್ರ ಸಂಸಾರ ನಡೀತಾವೇನು?”

ಮಾಳಿಂಗಪ್ಪ ಅಲ್ಲಿಗೇ ಕೂತಿದ್ದರೆ ಚೆನ್ನಾಗಿತ್ತು. ಬೀಗರು ಎದುರಿಗಿದ್ದರಲ್ಲ, ಮಾತು ಮುಂದೆ ಹೋಯಿತು.

“ಹೊಲಿಸಿ ಏನ ಬಂತ್ರಿ, ತುಂಬ ಇರಲೇ ಇಲ್ಲ ಅದು. ಒಳಗ ಯಾರೋ ಕೊಯ್ಕೊಂಡಾರ ಅಂದ ಯುನೂಸ. ತೋಳು ಇಲ್ಲಿಗಿ ನಿಂತಾವ ನೋಡ್ರಿ,” ಎಂದು ಮೊಣಕೈಗೂ ಮಣಿಕಟ್ಟಿಗೂ ನಡುವೆ ತೋರಿಸಿದ.

ರಾಚಪ್ಪ ಎದ್ದೇಬಿಟ್ಟ. ಧೋತರ ಝಾಡಿಸಿದ.

“ಮನೆತನಕ್ಕ ಕೈ ಹಚ್ಚಿದ್ರಿ! ಕೇಳ್ರಿ ಎಲ್ಲಾರೂ. ಆ ಸೂಟು ಹಡಗ ಹತ್ತೀತಂದ್ರ ದಾನೇಶ್ವರಿ ಈ ಸಲ ಪಂಚಮಿಗೆ ಇಂಡಿಗೆ ಬರೂದಿಲ್ಲ. ಇದು ರಾಚಪ್ಪನ ಮಾತು!”

ಎಲೆ ಅಡಿಕೆ ಬಾಯಲ್ಲಿದ್ದವರು ಅಗಿಯುವುದನ್ನು ಬಿಟ್ಟರು. ನಾಗರ ಪಂಚಮಿಗೆ ತವರಿಗೆ ಬಾರದ ಮಗಳೆಂದರೆ ಎರಡು ಊರಲ್ಲಿ ಕೇಳುವವರಿರುತ್ತಾರೆ. ರಾಚಪ್ಪನ ಹೆಂಡತಿ ವಿದ್ಯಾವತಿ ಏನೋ ಹೇಳಲು ಬಾಯಿ ತೆರೆದಳು. ಗಂಡ ಕಣ್ಣು ಬಿಟ್ಟದ್ದು ನೋಡಿ ಮುಚ್ಚಿದಳು.

ಎರಡು ದಿನ ಬಿಟ್ಟು ದಾನೇಶ್ವರಿಯ ಫೋನು ಬಂತು. ಅಳುತ್ತಿರಲಿಲ್ಲ. ಅತ್ತಿದ್ದರೆ ಮಾಳಿಂಗಪ್ಪನಿಗೆ ಹಗುರಾಗುತ್ತಿತ್ತು.

“ಅಪ್ಪಾ, ಕೂಸು ದಿನಾ ಕೇಳಾಕತ್ತೈತಿ, ಅಜ್ಜ ಜೋಕಾಲಿ ಕಟ್ಟ್ಯಾನೇನು ಅಂತ. ನಾ ಏನ ಹೇಳ್ಲಿ?”

“ಕಟ್ಟತೇನಿ ಅಂತ ಹೇಳವಾ. ಆ ಸೂಟು ಹಡಗ ಹತ್ತೂದಿಲ್ಲ. ಧೋತರದಾಗ ಹೋಗ್ತೇನಿ. ಒಳಗ ಬಿಡಲಿಲ್ಲಂದ್ರ ಖೋಲ್ಯಾಗ ಕುಂತು ಕಡಕ ರೊಟ್ಟಿ ತಿಂತೇನಿ. ನಿಮ್ಮ ಮಾವಗ ಹೇಳು.”

ಹೇಳಿದವನು ಫೋನಿಟ್ಟು ಅಂಗಡಿಯ ಗಲ್ಲೆಯ ಮೇಲೆ ಕೂತ. ಮಗಳಿಗಿಂತ ದೊಡ್ಡ ಸೂಟು ಯಾವುದಿದೆ ಎಂದು ಅವನಿಗೇ ಅನ್ನಿಸಿತು. ಒಳ್ಳೆಯವನೇ, ಬೀಗರು ಎದುರಿಗಿಲ್ಲದಿದ್ದರೆ.

ಹಡಗು ಮಾಳಿಂಗಪ್ಪ ಅಂದುಕೊಂಡಂತೆ ಇರಲಿಲ್ಲ. ಅದು ವಿಜಯಪುರದ ಒಂದು ಓಣಿಯನ್ನು ಕಿತ್ತು ನೀರಿನ ಮೇಲೆ ಇಟ್ಟಂತಿತ್ತು. ಒಳಗೆ ಅಂಗಡಿ, ದೀಪ, ಜಮಖಾನೆ. ಮೊದಲ ಸಂಜೆ ಧೋತರದಲ್ಲೇ ಉಂಡು ಬಂದ. ಅದೇ ಊಟದ ಮನೆಯಲ್ಲಿ ದೂರದ ಟೇಬಲ್ಲಿನಲ್ಲಿ ರಾಚಪ್ಪನೂ ಧೋತರದಲ್ಲೇ ಕೂತಿದ್ದ. ಬೀಗರಿಬ್ಬರೂ ಒಬ್ಬರನ್ನೊಬ್ಬರು ನೋಡದಿರುವ ಭರದಲ್ಲಿ ಸಮುದ್ರವನ್ನೇ ನೋಡಿದರು. ಬೀಗತಿಯರು ಕೈ ತೊಳೆಯುವ ಜಾಗದಲ್ಲಿ ಭೇಟಿಯಾಗಿ, ಒಬ್ಬರಿಗೊಬ್ಬರು ಶೇಂಗಾ ಹೋಳಿಗೆ ಕೊಟ್ಟುಕೊಂಡು, ಏನೂ ಆಗದವರಂತೆ ಬಂದು ಕೂತರು.

ಎರಡನೆಯ ಸಂಜೆ ಮಾಳಿಂಗಪ್ಪ ಖೋಲಿಯಲ್ಲಿ ರೊಟ್ಟಿಯ ಗಂಟು ಬಿಚ್ಚಿಕೊಂಡು ಕೂತ. ಲಕ್ಕವ್ವ ಇಲಕಲ್ ಸೀರೆ ಉಟ್ಟು, ಬೋರಮಾಳ ಹಾಕಿ, ಹೂವು ಸಿಗದ ಊರೆಂದು ಮನೆಯಿಂದಲೇ ತಂದ ಬಾಡಿದ ಅಬ್ಬಲಿಗೆ ಮುಡಿದು ನಿಂತಳು.

“ಏಳ್ರಿ.”

“ನೀ ಹೋಗು. ನಾ ಮಗಳಿಗೆ ಮಾತ ಕೊಟ್ಟೇನಿ.”

“ಒಬ್ಬಾಕಿ ಹೋಗಿ ಉಣ್ಣಾಕ ನಾ ಏನ ಬಸ್ ಸ್ಟ್ಯಾಂಡಿನ ಖಾನಾವಳಿಗೆ ಬಂದೇನೇನು?” ಎಂದವಳೇ ಬ್ಯಾಗಿನ ತಳಕ್ಕೆ ಕೈ ಹಾಕಿ, ರೊಟ್ಟಿ ಚಟ್ನಿಯ ಅಡಿಯಿಂದ ನೀಲಿ ಸೂಟು ಹೊರತೆಗೆದಳು.

ಮಾಳಿಂಗಪ್ಪ ಹೌಹಾರಿದ. “ಇದು ಹಡಗ ಹ್ಯಾಂಗ ಹತ್ತೀತು?”

“ನನ್ನ ಕೂಡ ಹತ್ತೈತಿ. ಮಾತ ಕೊಟ್ಟಾವರು ನೀವು, ನಾ ಕೊಟ್ಟಿಲ್ಲ. ಹೊಲಿಸಿದ್ದು ಹೊಲಿಸೀರಿ, ಇಡೀ ಬಳಗದ ಕಡೆ ಬೈಸ್ಕೊಂಡಿದ್ದೂ ಆಗೈತಿ. ಹಾಕ್ಕೊಳ್ಳಾರದ ಬಿಟ್ರ ಬೈಗಳ ದಂಡ. ಮೂಲ್ಯಾಗ ಕುಂತು ಉಂಡು ಬರೂಣು. ಬೀಗರು ನೋಡಿದ್ರ ಏನ ಮಾಡ್ತಾರ, ನೀರಾಗ ಇಳದು ಮುದ್ದೇಬಿಹಾಳಕ್ಕ ಹೋಗ್ತಾರೇನು?”

ಮಾಳಿಂಗಪ್ಪ ಹಾಕಿಕೊಂಡ. ಸೂಟಿಗೆ ಶೇಂಗಾ ಚಟ್ನಿಯ ಘಮ ಬಂದಿತ್ತು. ಕೈ ಚಾಚಬೇಡಿ, ಯಾರಾದರೂ ಕೈ ಕುಲುಕಲು ಬಂದರೆ ನಮಸ್ಕಾರ ಮಾಡಿ, ದೂರದ ಪಲ್ಯ ಬೇಕಾದರೆ ನನಗೆ ಹೇಳಿ ಎಂದು ಲಕ್ಕವ್ವ ದಾರಿಯುದ್ದಕ್ಕೂ ಪಾಠ ಮಾಡಿದಳು. ಹಾಗೆ ಎದೆಗೆ ಕೈ ಮಡಚಿಕೊಂಡೇ ಅವನು ಲಿಫ್ಟಿನ ಮುಂದೆ ನಿಂತ. ಬಾಗಿಲು ತೆರೆಯಿತು.

ಒಳಗೆ ರಾಚಪ್ಪ ಮತ್ತು ವಿದ್ಯಾವತಿ ಇದ್ದರು.

ರಾಚಪ್ಪ ಬಿಳಿ ಜುಬ್ಬಾ, ಬಿಳಿ ಪೈಜಾಮಾ ತೊಟ್ಟಿದ್ದ. ಅದರ ಮೇಲೆ ಜಾಕೀಟು ಹಾಕಿದ್ದ. ಕಡುನೀಲಿ ಜಾಕೀಟು, ಉದ್ದಕ್ಕೆ ಸಣ್ಣ ಗೆರೆ, ಅಡ್ಡಕ್ಕೆ ಬೆಳ್ಳನೆಯ ಮಡಿಕೆಯ ಗೆರೆ.

ಲಕ್ಕವ್ವ ಗಂಡನನ್ನು ಒಳಗೆ ದೂಡಿದಳು. ಬಾಗಿಲು ಮುಚ್ಚಿತು. ಲಿಫ್ಟಿನ ಸುತ್ತೆಲ್ಲ ಕನ್ನಡಿ. ಯಾವ ಕಡೆ ಮುಖ ತಿರುಗಿಸಿದರೂ ನೀಲಿ ಬಟ್ಟೆ, ಅಡ್ಡ ಗೆರೆ. ಬೀಗರು ಮೇಲೆ ನೋಡಿದರು, ಅಲ್ಲೂ ಕನ್ನಡಿಯಿತ್ತು. ಗುಂಡಿ ಒತ್ತಬೇಕೆಂಬುದು ಯಾರಿಗೂ ನೆನಪಾಗಲಿಲ್ಲ. ಬಾಗಿಲು ತಾನೇ ತೆರೆಯಿತು, ಹೊರಗಿದ್ದ ಇಬ್ಬರು ಬಿಳಿಯರು ಇವರನ್ನು ನೋಡಿ, ಬ್ಯಾಂಡಿನವರಿರಬೇಕೆಂದು ದಾರಿ ಬಿಟ್ಟು ನಿಂತರು. ಬಾಗಿಲು ಮತ್ತೆ ಮುಚ್ಚಿತು.

ಲಕ್ಕವ್ವ ಗಂಡನ ಕೈ ಹಿಡಿದು, ಗಿಡ್ಡ ತೋಳನ್ನು ಎತ್ತಿ, ಬೀಗರ ಎದೆಯ ಪಕ್ಕಕ್ಕೆ ಹಿಡಿದಳು. ಗೆರೆಗೆ ಗೆರೆ ಕೂಡಿತು.

“ಇಲ್ಲಿ ಐತಿ ನೋಡ್ರಿ ನಿಮ್ಮ ತೋಳು,” ಎಂದಳು.

ಮೊದಲು ನಕ್ಕವಳು ವಿದ್ಯಾವತಿ. ಬಾಗೇವಾಡಿಯಿಂದ ತಡೆದಿಟ್ಟುಕೊಂಡ ನಗು ಅದು, ಸೆರಗಿಗೆ ನಿಲ್ಲಲಿಲ್ಲ. “ನಾ ಬಡಕೊಂಡೇರಿ ಅಕ್ಕಾರ, ಕೊಡೂ ಪೀಸಿಗೆ ಕತ್ತರಿ ಹಚ್ಚಬ್ಯಾಡ್ರಿ ಅಂತ! ಕೇಳಿದ್ರ ಖರೆ!”

ರಾಚಪ್ಪನ ತಲೆ ಜಾಕೀಟಿನ ಕಾಲರಿನೊಳಗೆ ಇಳಿಯಿತು. “ಸೊಸಾಯಿಟಿ ಇಲೆಕ್ಷನ್ ಇತ್ರಿ ಬೀಗ್ರ. ನಿಂದ್ರಾವಗ ಒಂದ ಜಾಕೀಟು ಬೇಕಲ್ಲ. ಒಳಗಿನ ತುದೀಲೆ ತುಸು ತಗೊಂಡ್ರ ಯಾರ ಬಿಚ್ಚಿ ನೋಡ್ತಾರ ಅಂದ್ನಿ. ಇಷ್ಟ ವರ್ಷದಾಗ ಯಾರೂ ಬಿಚ್ಚಿದ್ದಿಲ್ಲ. ಆಮ್ಯಾಲ ಬಳಗದಾಗ ಹಾಕ್ಕೊಂಡ್ರ ಬಾಳಮ್ಮ ಗುರತ ಹಿಡೀತಾಳ, ಹಡಗಿನ್ಯಾಗ ಯಾರ ಹಿಡೀತಾರ ಅಂತ ತಂದ್ನಿ. ನಿಮ್ಮ ಸೂಟು ಬರೂದಿಲ್ಲ ಅಂತ ಸೊಸಿ ಹೇಳಿದ್ಲು...”

ಮಾಳಿಂಗಪ್ಪ ಬೀಗರನ್ನು ಮೇಲಿಂದ ಕೆಳಗೆ ನೋಡಿದ. ಜೀವಮಾನದಲ್ಲಿ ಒಮ್ಮೆ ಸಿಗುವ ಹೊತ್ತು ಇದು. ಮಾತು ನಾಲ್ಕು ಹೆಜ್ಜೆ ಮುಂದೆ ಹೋಗಲು ಸಿದ್ಧವಾಗಿಯೇ ನಿಂತಿತ್ತು. ಲಕ್ಕವ್ವ ಅವನ ಗಿಡ್ಡ ತೋಳನ್ನು ಮೆಲ್ಲಗೆ ಚಿವುಟಿದಳು. ಚಿವುಟಲು ಬರಿಗೈ ಬೇಕಾದಷ್ಟು ಇತ್ತು.

“ಇಲೆಕ್ಷನ್ ಆರಿಸಿ ಬಂದ್ರೇನು?” ಎಂದಷ್ಟೇ ಕೇಳಿದ.

“ಎಲ್ಲೀದ್ರೀ. ಬಿದ್ನಿ.”

“ಹಂಗಾರ ಬಟ್ಟಿ ನ್ಯಾಯ ಮಾಡೈತಿ ಬಿಡ್ರಿ. ಪಂಚಮಿ ಮಾತು ಏನು?”

“ಪಂಚಮಿ ತನಕಾ ಯಾಕ್ರಿ, ನಾವು ಊರ ಮುಟ್ಟಿದ ಮರುದಿನನ ಕಳಸ್ತೇನಿ! ಕೂಸಿನ್ನೂ ಕಳಸ್ತೇನಿ, ಬೇಕಾದಷ್ಟ ದಿನ ಇಟ್ಕೋರಿ. ಬಾಳಮ್ಮಗ ಮಾತ್ರ ಹೇಳಬ್ಯಾಡ್ರಿ.”

ಮಾಳಿಂಗಪ್ಪ ಮಡಚಿದ ಕೈ ಬಿಚ್ಚಿ ಬೀಗರ ಹೆಗಲ ಮೇಲೆ ಹಾಕಿದ. ತೋಳು ಇನ್ನಷ್ಟು ಮೇಲೆ ಹೋಯಿತು. ಅವನು ಲಕ್ಷ್ಯ ಕೊಡಲಿಲ್ಲ.

ಊಟದ ಬಾಗಿಲಲ್ಲಿ ಬಿಳಿ ಕೈಗವಸಿನ ಮನುಷ್ಯನೊಬ್ಬ ಇವರನ್ನು ಕಂಡು, ಒಂದೇ ಬಟ್ಟೆಯವರು ಒಂದೇ ಮನೆತನದವರು ಎಂದು ತಿಳಿದು, ಬಾಗಿ ನಮಸ್ಕರಿಸಿ ನಾಲ್ವರನ್ನೂ ನಡುವಿನ ದೊಡ್ಡ ಟೇಬಲ್ಲಿಗೆ ಕರೆದೊಯ್ದ. ಅದು ತಪ್ಪೂ ಆಗಿರಲಿಲ್ಲ. ಅನ್ನ ಇತ್ತು, ಸಾರು ಇರಲಿಲ್ಲ. ರೊಟ್ಟಿಯ ಗಂಟನ್ನು ಲಕ್ಕವ್ವ ಸೆರಗಿನಡಿ ತಂದಿದ್ದಳು. ಬೀಗರಿಬ್ಬರೂ ಬೆಳ್ಳಿ ಚಮಚ ಬದಿಗಿಟ್ಟು ಕಡಕ ರೊಟ್ಟಿ ಮುರಿಯುವ ಸದ್ದಿಗೆ ಅಕ್ಕಪಕ್ಕದವರು ತಿರುಗಿ ನೋಡಿದರು. ಶ್ರೀಶೈಲ ಓಡಿ ಬಂದವನು, “ಕಾಕಾರ, ಇಬ್ಬರೂ ಮ್ಯಾಚಿಂಗ್ ಮಾಡೀರಲ್ರಿ, ಭಾರಿ!” ಎಂದು ಫೋಟೋ ಹೊಡೆದ. ಹೊಡೆದ ಫೋಟೋವನ್ನು ಡೀಲರುಗಳ ಗುಂಪಿಗೆ ಹಾಕಿದ. ಇವರು ಮುಂಬಯಿಯಲ್ಲಿ ಇಳಿಯುವ ಮೊದಲೇ ಅದು ಸಿಂದಗಿಯ ಬಾಳಮ್ಮನ ಮನೆ ಮುಟ್ಟಿತ್ತು.

ಪಂಚಮಿಗೆ ದಾನೇಶ್ವರಿ ಬಂದಳು. ಮಾಳಿಂಗಪ್ಪ ಹಿತ್ತಲ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದ. ಮೊಮ್ಮಗಳು ಅದರಿಂದ ಇಳಿಯಲೊಲ್ಲಳು. ತವರೆಂದು ಬಾಳಮ್ಮನೂ ಸಿಂದಗಿಯಿಂದ ಬಂದು, ಬೆಲ್ಲದ ಉಂಡಿ ಕಟ್ಟುತ್ತ ಪಡಸಾಲೆಯಲ್ಲಿ ಕೂತಿದ್ದಳು. ದಾನೇಶ್ವರಿ ಮಾವನ ಮನೆಯ ಉಂಡಿಯ ಬುಟ್ಟಿ ಇಳಿಸಿ, ಅದರ ಮೇಲಿದ್ದ ಒಂದು ಪೊಟ್ಟಣವನ್ನು ಅಪ್ಪನ ಕೈಗೆ ಕೊಟ್ಟಳು. ಒಳಗೆ ನೀಲಿ ಜಾಕೀಟು ಇತ್ತು, ಒಗೆದು ಇಸ್ತ್ರಿ ಮಾಡಿದ್ದು. ಮೂಲೆಗೆ ಹೊಸ ಕುಂಕುಮ.

ಲಕ್ಕವ್ವ ಟ್ರಂಕಿನಿಂದ ಸೂಟನ್ನು ತಂದಳು. ಹಳೆಯ ಮಡಿಕೆಗಳ ಮೇಲೇ ಕೋಟು ಮಡಚಿ, ಅದರ ಮೇಲೆ ಪ್ಯಾಂಟು, ಅದರ ಮೇಲೆ ಜಾಕೀಟು ಇಟ್ಟು, ಹಳೆಯ ಪ್ಲಾಸ್ಟಿಕ್ ಕವರಿನೊಳಗೆ ತೂರಿಸಿದಳು. ಬಾಳಮ್ಮ ಉಂಡಿಯ ಕೈ ಒರೆಸಿಕೊಂಡು ಕವರನ್ನು ತೊಡೆಯ ಮೇಲೆ ಎಳೆದುಕೊಂಡಳು. ಒತ್ತಿ ನೋಡಿದಳು. ಕಣ್ಣಲ್ಲಿ ನೀರು ಬಂತು.

“ಈಗ ತುಂಬಿತು ನೋಡವಾ. ಬಾಗೇವಾಡಿ ಪಾಳೆ ತಪ್ಪೀತು, ಹೋಗಲಿ. ನಮ್ಮ ಮನ್ಯಾಗ ದೀಪಾವಳಿ ಮುಗದ ಮ್ಯಾಲ ಮೊಮ್ಮಗನ ಲಗ್ನ ಐತಿ. ಇದು ಸಿಂದಗಿಗೆ ಬರ್ತೈತಿ.”

“ಒಯ್ರಿ ಅತ್ತಿ,” ಎಂದು ಲಕ್ಕವ್ವ ಕುಂಕುಮ ಹಚ್ಚಿದಳು. “ಕೊಡಾವಾಗ ಹೇಳ್ರಿ ಮತ್ತ, ಹಾಕ್ಕೋರಿ ಅಂತ. ಈಗಂತೂ ಹೊಲಿಸೂ ತ್ರಾಸ ಸೈತ ಇಲ್ಲ.”

ಬಾಳಮ್ಮ ಕವರನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಜೋಕಾಲಿ ತೂಗುತ್ತಿದ್ದ ಮಾಳಿಂಗಪ್ಪನ ಕಡೆಗೊಮ್ಮೆ ನೋಡಿದಳು.

“ಹೇಳೂದ ಹೇಳ್ತೇನವಾ,” ಎಂದಳು. “ಆದ್ರ ನಿನ್ನ ಗಂಡನಂಥ ಮನಶ್ಯಾಗ ಮಾತ್ರ ಕೊಡೂದಿಲ್ಲ.”